ಗ್ರಹಗಳ ಅಳತೆಯೂ ಅಂಕಗಳ ಅಳತೆಯೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನನ್ನನ್ನು ಕೇಳಿದಾಗ, ಹಳೆಯ ನೆನಪುಗಳನ್ನು ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಈ ಶಾಲೆಯಲ್ಲಿಯೇ ಓದಿ, ಈ ಶಾಲೆಯಲ್ಲಿಯೇ ಬಹುಕಾಲ ವಿಜ್ಞಾನವನ್ನು ಬೋಧಿಸಿ ನಿವೃತ್ತಳಾದ ನನಗೆ ನೆನಪುಗಳಿಗೇನೂ ಕೊರತೆಯಿಲ್ಲ. ಆದರೆ ಈ ಸಲ ನೆನಪುಗಳಿಗಿಂತಲೂ ಹೆಚ್ಚಾಗಿ ಒಂದು ಅಭಿಪ್ರಾಯವನ್ನು ನನ್ನ ಸಹೋದರಿಯರಾದ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ, ನಮ್ಮ ಬಾಲಿಕೆಯರ ತಂದೆತಾಯಿಗಳ ಮುಂದೆಯೂ ಇಡಲು ಅಪೇಕ್ಷಿಸುತ್ತೇನೆ. ಗ್ರಹಗಳ ಗಾತ್ರವನ್ನೂ ಅವುಗಳ ತಿರುಗುವಿಕೆಯನ್ನೂ ನಾವು ಅಂಕಿಗಳ ಪಟ್ಟಿಯಾಗಿ ಬಾಯಿಪಾಠ ಮಾಡಿಸುವುದನ್ನು ಬಿಟ್ಟು, ಹೋಲಿಕೆಯಿಂದಲೂ ಕಾರಣದಿಂದಲೂ ಕಲಿಸಬೇಕು. ಆ ಅಂಕಿಯು ಎಲ್ಲಿಂದ ಬಂದಿತೆಂದು ಕೇಳುವ ಹುಡುಗಿಯನ್ನು ಸುಮ್ಮನಿರಿಸದೆ ಆದರಿಸಬೇಕು. ಇದೇ ನನ್ನ ಅಭಿಪ್ರಾಯ.

ಇದು ಬರಿಯ ಬೋಧನಕ್ರಮದ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ಇದು ನ್ಯಾಯದ ಪ್ರಶ್ನೆಯೂ ಹೌದು. ಏಕೆಂಬುದನ್ನು ತೋರಿಸುವುದಕ್ಕೆ ನಾನೇ ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುವೆನು.

ಅನೇಕ ವರ್ಷಗಳ ಹಿಂದೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ, “ಬುಧಗ್ರಹದ ಒಂದು ದಿನದ ಅವಧಿ ಎಷ್ಟು?” ಎಂದು ಒಂದು ಅಂಕದ ಪ್ರಶ್ನೆಯನ್ನು ಕೇಳಿದ್ದೆನು. ಪುಸ್ತಕದ ಪಟ್ಟಿಯಂತೆ ಉತ್ತರ, ನಮ್ಮ ೫೯ ದಿನಗಳು. ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು “೧೭೬ ದಿನಗಳು” ಎಂದು ಬರೆದು, ಅದರ ಕೆಳಗೆ “ಒಂದು ಸೂರ್ಯೋದಯದಿಂದ ಮರು ಸೂರ್ಯೋದಯದವರೆಗೆ” ಎಂದು ಸೇರಿಸಿದ್ದಳು. ನಾನು ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದೆನು. ಆಕೆ ಉತ್ತರ ಪತ್ರಿಕೆಯನ್ನು ಹಿಡಿದುಕೊಂಡು ಬಂದು, “ಇದು ಹೇಗೆ ತಪ್ಪು, ಮಿಸ್?” ಎಂದು ಕೇಳಿದಳು. “ಪುಸ್ತಕದಲ್ಲಿ ಏನಿದೆಯೋ ನೋಡಿಕೋ ಹೋಗು” ಎಂದೆನು. ಆಕೆ ಮರುಮಾತಾಡದೆ ಹೋಗಿ ಕುಳಿತಳು. ಅಲ್ಲಿಂದ ಮುಂದೆ ಆ ವರ್ಷವೆಲ್ಲ ಆಕೆ ನನ್ನ ಪಾಠದಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳಿದ ನೆನಪು ನನಗಿಲ್ಲ.

ಆಕೆಯ ಉತ್ತರ ಸರಿಯಾಗಿತ್ತು. ಅದು ನನಗೆ ಮನದಟ್ಟಾಗುವಷ್ಟರಲ್ಲಿ ಆಕೆ ಶಾಲೆಯನ್ನು ಬಿಟ್ಟುಹೋಗಿದ್ದಳು. ಹಾಗೆಂದು ಪುಸ್ತಕದ ೫೯ ಕೂಡ ಸುಳ್ಳಲ್ಲ. ಇನ್ನೂ ಚೋದ್ಯವೇನೆಂದರೆ, ನಾನು ಬಾಲಿಕೆಯಾಗಿದ್ದಾಗ ಪುಸ್ತಕ ಭಂಡಾರದ ಹಳೆಯ ಪುಸ್ತಕವೊಂದರಿಂದ ಬಾಯಿಪಾಠ ಮಾಡಿದ್ದ ಅಂಕಿ ಇವೆರಡೂ ಅಲ್ಲ, ಅದು ೮೮. ಒಂದೇ ಗ್ರಹ, ಒಂದೇ ಪ್ರಶ್ನೆ, ಮೂರು ಉತ್ತರಗಳು! ಈ ಗಂಟನ್ನು ಮುಂದೆ ಬಿಡಿಸುವೆನು. ಅದಕ್ಕೆ ಮೊದಲು ಗಾತ್ರದ ಮಾತನ್ನು ನೋಡೋಣ. ಅಲ್ಲಿಯೂ ನಮ್ಮ ಪಟ್ಟಿಯು ನಮ್ಮನ್ನು ಅರ್ಧದಾರಿಯಲ್ಲಿ ಕೈಬಿಡುತ್ತದೆ.

ಭೂಮಿಯ ವ್ಯಾಸ ೧೨,೭೫೬ ಕಿಲೋಮೀಟರ್, ಗುರುವಿನ ವ್ಯಾಸ ೧,೪೨,೯೮೪ ಕಿಲೋಮೀಟರ್ ಎಂದು ಪಟ್ಟಿಯಲ್ಲಿರುತ್ತದೆ. ಇದನ್ನು ತಪ್ಪಿಲ್ಲದೆ ಒಪ್ಪಿಸಿದ ಹುಡುಗಿಯನ್ನು, “ಹಾಗಾದರೆ ಗುರುವು ಎಷ್ಟು ದೊಡ್ಡದು?” ಎಂದು ಕೇಳಿದರೆ ಏನು ಹೇಳುವಳು? ಆಕೆಗೆ ಗೊತ್ತಿರುವುದು ಅಂಕಿಯೇ ಹೊರತು ಗಾತ್ರವಲ್ಲ. ಅದಕ್ಕೆ ಬದಲಾಗಿ ಅಡಿಗೆಮನೆಗೆ ಹೋಗೋಣ. ಒಂದು ಸೆಂಟಿಮೀಟರ್ ಅಗಲದ ದೊಡ್ಡ ಬಿಳಿ ಕಡಲೆಕಾಳೊಂದನ್ನು ತೆಗೆದುಕೊಂಡು ಅದನ್ನೇ ಭೂಮಿಯೆಂದು ಭಾವಿಸಿದರೆ, ಶುಕ್ರವು ಹೆಚ್ಚುಕಡಮೆ ಅಂಥದೇ ಇನ್ನೊಂದು ಕಾಳು. ಮಂಗಳವು ಒಂದು ಮೆಣಸಿನಕಾಳು. ಬುಧವು ಒಂದು ಕೊತ್ತಂಬರಿ ಬೀಜ. ನಮ್ಮ ಚಂದ್ರನು ಒಂದು ಸಬ್ಬಕ್ಕಿಯ ಕಾಳು. ಅವನನ್ನು ಕಡಲೆಕಾಳಿನಿಂದ ಮೂವತ್ತು ಸೆಂಟಿಮೀಟರ್ ದೂರದಲ್ಲಿಡಬೇಕು. ಯುರೇನಸ್ಸೂ ನೆಪ್ಚೂನೂ ಎರಡು ನಿಂಬೆಹಣ್ಣುಗಳು. ಶನಿಯು ಒಂದು ದೊಡ್ಡ ದಾಳಿಂಬೆ. ಗುರುವು ಸುಲಿದ ತೆಂಗಿನಕಾಯಿ. ಸೂರ್ಯನೋ, ಮೂರೂವರೆ ಅಡಿಗೂ ಮಿಕ್ಕ ವ್ಯಾಸದ ಗೋಳ. ಎತ್ತಿನ ಗಾಡಿಯ ಚಕ್ರಕ್ಕಿಂತ ತುಸು ಸಣ್ಣದೆನ್ನಬಹುದು.

ಈಗ ಇವುಗಳನ್ನು ಅವುಗಳ ಸ್ಥಾನದಲ್ಲಿಡೋಣ. ಸೂರ್ಯನನ್ನು ಶಾಲೆಯ ಮುಖ್ಯದ್ವಾರದಲ್ಲಿಟ್ಟರೆ, ಕೊತ್ತಂಬರಿ ಬೀಜದ ಬುಧವು ಸುಮಾರು ೪೫ ಮೀಟರ್ ದೂರದಲ್ಲಿ. ಕಡಲೆಕಾಳಿನ ಭೂಮಿ ಸುಮಾರು ೧೧೭ ಮೀಟರ್ ದೂರದಲ್ಲಿ, ಎಂದರೆ ಆಟದ ಬಯಲಿನ ಆಚೆಯ ಅಂಚಿನಲ್ಲಿ. ತೆಂಗಿನಕಾಯಿಯ ಗುರುವು ೬೧೦ ಮೀಟರ್ ದೂರದಲ್ಲಿ, ಎಂದರೆ ಬೀದಿಯ ಕೊನೆಯಲ್ಲಿ. ಕಡೆಯ ನಿಂಬೆಹಣ್ಣು ನೆಪ್ಚೂನ್ ಮೂರೂವರೆ ಕಿಲೋಮೀಟರ್ ಆಚೆ, ಪ್ರಾಯಶಃ ಪಕ್ಕದ ಊರಿನಲ್ಲಿ! ಇವುಗಳ ನಡುವೆ ಉಳಿದುದೆಲ್ಲ ಬಯಲು. ಗೋಡೆಗೆ ತೂಗುಹಾಕುವ ಚಿತ್ರಪಟದಲ್ಲಿ ಗ್ರಹಗಳು ಒಂದರ ಮಗ್ಗುಲಲ್ಲೊಂದು ಒತ್ತಿಕೊಂಡು ನಿಂತಿರುವುದನ್ನು ನೋಡುತ್ತ ಬೆಳೆದ ಮಗುವಿಗೆ ಈ ಬಯಲು ಕಾಣುವುದೇ ಇಲ್ಲ.

ಇಲ್ಲಿ ತಾಯಂದಿರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯೊಂದನ್ನು ಜ್ಞಾಪಿಸುವೆನು. ಎರಡರಷ್ಟು ಅಗಲದ ಉಂಡೆಯನ್ನು ಕಟ್ಟಬೇಕಾದರೆ ಎರಡರಷ್ಟು ಹಿಟ್ಟು ಸಾಲದು, ಎಂಟರಷ್ಟು ಬೇಕಾಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಎರಡರಷ್ಟಾಗುವುದೇ ಅದಕ್ಕೆ ಕಾರಣ. ಗುರುವು ಅಗಲದಲ್ಲಿ ಭೂಮಿಯ ಹನ್ನೊಂದು ಪಟ್ಟು ಎಂದ ಮಾತ್ರಕ್ಕೆ ಅದರೊಳಗೆ ಹನ್ನೊಂದು ಭೂಮಿಗಳು ಹಿಡಿಯುವವೆಂದು ನಮ್ಮ ಹುಡುಗಿಯರು ಹೇಳುವುದುಂಟು. ನಿಜವಾಗಿ ಗುರುವಿನ ಘನಗಾತ್ರ ಸುಮಾರು ೧,೩೦೦ ಭೂಮಿಗಳಷ್ಟು. ಮಂಗಳವು ಅಗಲದಲ್ಲಿ ಭೂಮಿಯ ಅರ್ಧಕ್ಕಿಂತ ತುಸು ಹೆಚ್ಚು. ಆದರೂ ಒಂದು ಭೂಮಿಯನ್ನು ಮಾಡಲು ಆರೂವರೆ ಮಂಗಳಗಳು ಬೇಕು. ಉಂಡೆಯ ಲೆಕ್ಕವನ್ನು ತಿಳಿದ ಹುಡುಗಿಗೆ ಇದನ್ನು ಬಾಯಿಪಾಠ ಮಾಡಿಸಬೇಕಾದುದಿಲ್ಲ.

ಗಾತ್ರವೇ ತೂಕವಲ್ಲ ಎಂಬುದೂ ಹೋಲಿಕೆಯಿಂದಲೇ ತಿಳಿಯುವ ಸಂಗತಿ. ಘನಗಾತ್ರದಲ್ಲಿ ಸುಮಾರು ೭೬೦ ಭೂಮಿಗಳಷ್ಟಿರುವ ಶನಿಯು ದ್ರವ್ಯದಲ್ಲಿ ಬರಿಯ ೯೫ ಭೂಮಿಗಳಷ್ಟು. ಅದರ ಸಾಂದ್ರತೆ ನೀರಿಗಿಂತಲೂ ಕಡಮೆ. ಎರಡು ನಿಂಬೆಹಣ್ಣುಗಳಲ್ಲಿ ಯುರೇನಸ್ ತುಸು ದೊಡ್ಡದು, ಆದರೆ ನೆಪ್ಚೂನ್ ಹೆಚ್ಚು ಭಾರ. ಗುರುವೊಂದನ್ನೇ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಮಿಕ್ಕ ಏಳು ಗ್ರಹಗಳನ್ನೂ ಇನ್ನೊಂದರಲ್ಲಿಟ್ಟರೆ, ಗುರುವೇ ಎರಡೂವರೆ ಪಟ್ಟು ತೂಗುವುದು.

ಇನ್ನು ತಿರುಗುವಿಕೆಯ ವಿಷಯ. ಗ್ರಹಗಳು ಸೂರ್ಯನನ್ನು ಸುತ್ತುವುದು ಬೇರೆ, ತಮ್ಮ ಅಕ್ಷದ ಮೇಲೆ ಬುಗುರಿಯಂತೆ ತಾವೇ ತಿರುಗುವುದು ಬೇರೆ. ಇದರಲ್ಲಿ ನಮ್ಮ ಸಾಮಾನ್ಯ ಬುದ್ಧಿಯು ಪೂರ್ತಿಯಾಗಿ ಮೋಸಹೋಗುತ್ತದೆ. ಬುಗುರಿ ಬೇಗ ತಿರುಗುವುದು, ಬೀಸುವ ಕಲ್ಲು ನಿಧಾನವಾಗಿ ತಿರುಗುವುದು. ಆದುದರಿಂದ ಚಿಕ್ಕ ಗ್ರಹವು ಚುರುಕಾಗಿಯೂ ದೊಡ್ಡ ಗ್ರಹವು ಮಂದವಾಗಿಯೂ ಇರಬೇಕೆಂದು ಎಲ್ಲರೂ ಊಹಿಸುವರು. ಗ್ರಹಗಳಲ್ಲಿ ನಡೆದಿರುವುದು ಇದಕ್ಕೆ ವಿರುದ್ಧವಾಗಿದೆ. ಎಲ್ಲಕ್ಕಿಂತಲೂ ದೊಡ್ಡದಾದ ಗುರುವು ೯ ಗಂಟೆ ೫೬ ನಿಮಿಷಗಳಲ್ಲಿ ಒಂದು ಸುತ್ತು ತಿರುಗಿಬಿಡುತ್ತದೆ. ಶನಿಗೆ ಸುಮಾರು ಹತ್ತೂವರೆ ಗಂಟೆ ಸಾಕು. ನೆಪ್ಚೂನಿಗೆ ಸುಮಾರು ೧೬ ಗಂಟೆ, ಯುರೇನಸ್ಸಿಗೆ ಸುಮಾರು ೧೭ ಗಂಟೆ. ಭೂಮಿಗೂ ಮಂಗಳಕ್ಕೂ ಹತ್ತಿರ ಹತ್ತಿರ ೨೪ ಗಂಟೆ. ಅತಿ ಚಿಕ್ಕದಾದ ಬುಧಕ್ಕೆ ನಮ್ಮ ೫೯ ದಿನಗಳು, ಶುಕ್ರಕ್ಕೆ ೨೪೩ ದಿನಗಳು.

ಅವಧಿಯನ್ನು ಬಿಟ್ಟು ವೇಗವನ್ನು ಲೆಕ್ಕಹಾಕಿದರೆ ಅಂತರವು ಇನ್ನೂ ಬೆರಗುಗೊಳಿಸುತ್ತದೆ. ಭೂಮಿಯ ಮಧ್ಯರೇಖೆಯ ಮೇಲೆ ನಿಂತವರನ್ನು ಭೂಮಿಯು ಗಂಟೆಗೆ ಸುಮಾರು ೧,೬೭೦ ಕಿಲೋಮೀಟರ್ ವೇಗದಲ್ಲಿ ಒಯ್ಯುತ್ತಿದೆ. ಗುರುವಿನ ಮಧ್ಯರೇಖೆಯಲ್ಲಿ ಈ ವೇಗ ಗಂಟೆಗೆ ೪೫,೦೦೦ ಕಿಲೋಮೀಟರಿಗೂ ಮೇಲು. ಶುಕ್ರದ ಮಧ್ಯರೇಖೆಯಲ್ಲಾದರೋ ಬರಿಯ ಆರೂವರೆ ಕಿಲೋಮೀಟರ್. ಶಾಲೆಯ ಗಂಟೆ ಬಾರಿಸಿದ ಮೇಲೆ ಬಿರುಸಾಗಿ ನಡೆದುಬರುವ ಹುಡುಗಿಯ ನಡಿಗೆಯಷ್ಟು! ಅದೂ ಅಲ್ಲದೆ ಶುಕ್ರವು ಭೂಮಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವುದರಿಂದ ಅಲ್ಲಿ ಸೂರ್ಯನು ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತಾನೆ. ಯುರೇನಸ್ಸು ಮಗ್ಗುಲಾಗಿ ಮಲಗಿಕೊಂಡು ಉರುಳುವ ಗ್ರಹ. ಅದರ ಅಕ್ಷವು ೯೮ ಅಂಶಗಳಷ್ಟು ವಾಲಿಕೊಂಡಿದೆ.

ಬೇಗ ತಿರುಗುವುದರ ಗುರುತು ಗ್ರಹದ ಆಕಾರದ ಮೇಲೆಯೂ ಬೀಳುತ್ತದೆ. ನೀರು ತುಂಬಿದ ಪುಗ್ಗೆಯನ್ನು ಗಿರ್ರನೆ ತಿರುಗಿಸಿದರೆ ನಡುವಿನಲ್ಲಿ ಉಬ್ಬುವುದಲ್ಲವೆ? ಭೂಮಿಯ ನಡುವಿನ ವ್ಯಾಸವು ಧ್ರುವದಿಂದ ಧ್ರುವಕ್ಕಿರುವ ವ್ಯಾಸಕ್ಕಿಂತ ೪೩ ಕಿಲೋಮೀಟರ್ ಮಾತ್ರ ಹೆಚ್ಚು. ಗುರುವಿನಲ್ಲಿ ಈ ವ್ಯತ್ಯಾಸ ೯,೦೦೦ ಕಿಲೋಮೀಟರಿಗೂ ಅಧಿಕ; ಹಗುರವಾದ ಶನಿಯಲ್ಲಿ ಸುಮಾರು ೧೧,೮೦೦ ಕಿಲೋಮೀಟರ್, ಎಂದರೆ ಅದರ ವ್ಯಾಸದ ಹತ್ತರಲ್ಲೊಂದು ಪಾಲು. ಸಣ್ಣ ದೂರದರ್ಶಕದಲ್ಲಿ ನೋಡಿದರೂ ಗುರುವಿನ ಬಿಂಬವು ಪೂರ್ಣ ದುಂಡಾಗಿಲ್ಲದಿರುವುದು ತಿಳಿಯುತ್ತದೆ. ಗಾತ್ರ, ಗತಿ, ಆಕಾರ ಇವು ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವ ಸಂಗತಿಗಳು. ಪಟ್ಟಿಯು ಇವನ್ನು ಮೂರು ಬೇರೆ ಬೇರೆ ಅಂಕಣಗಳಲ್ಲಿಟ್ಟು ಆ ನಂಟನ್ನೇ ಕಡಿದುಹಾಕುತ್ತದೆ.

ಹಾಗಾದರೆ “ದೊಡ್ಡದು ಬೇಗ, ಚಿಕ್ಕದು ನಿಧಾನ” ಎಂಬುದೇ ನಿಯಮವೆಂದು ಹೇಳಬಹುದೆ? ಅವಸರ ಪಡಬಾರದು. ಭೂಮಿಯೂ ಶುಕ್ರವೂ ಗಾತ್ರದಲ್ಲಿ ಅವಳಿಗಳಂತಿವೆ; ಒಂದು ತಿರುಗುವುದಕ್ಕೆ ಒಂದು ದಿನ ಸಾಕು, ಇನ್ನೊಂದಕ್ಕೆ ೨೪೩ ದಿನಗಳು ಬೇಕು. ಮಂಗಳವು ಭೂಮಿಯ ಅರ್ಧದಷ್ಟೇ ಅಗಲವಾಗಿದ್ದರೂ ೨೪ ಗಂಟೆ ೩೭ ನಿಮಿಷಗಳಲ್ಲಿ ತಿರುಗುತ್ತದೆ. ಸುಮಾರು ೪೬೦ ಕೋಟಿ ವರ್ಷಗಳ ಹಿಂದೆ ಅನಿಲವೂ ಧೂಳೂ ಕೂಡಿದ ಮೋಡವೊಂದು ತಿರುಗುತ್ತ ಕುಗ್ಗಿದಾಗ ಸೂರ್ಯನೂ ಗ್ರಹಗಳೂ ಹುಟ್ಟಿದವು. ತಿರುಗುವ ವಸ್ತುವು ಕುಗ್ಗಿದಷ್ಟೂ ಬೇಗ ತಿರುಗುವುದು. ಕೈಗಳನ್ನು ಚಾಚಿ ಗಿರಕಿ ಹೊಡೆಯುವ ಹುಡುಗಿ ಕೈಗಳನ್ನು ಎದೆಗೆ ಸೇರಿಸಿಕೊಂಡರೆ ವೇಗ ಹೆಚ್ಚುವಂತೆ. ಅಪಾರ ಅನಿಲರಾಶಿಯನ್ನು ತಮ್ಮೊಳಕ್ಕೆ ಸೆಳೆದುಕೊಂಡ ದೊಡ್ಡ ಗ್ರಹಗಳು ಆ ವೇಗವನ್ನು ಉಳಿಸಿಕೊಂಡಿವೆ. ಸೂರ್ಯನಿಗೆ ಹತ್ತಿರವಿರುವ ಬುಧವನ್ನು ಸೂರ್ಯನ ಸೆಳೆತವು ಬಹುಕಾಲ ಜಗ್ಗಿ ನಿಧಾನ ಮಾಡಿತು. ನಮ್ಮ ಭೂಮಿಯನ್ನೂ ಚಂದ್ರನು ಹೀಗೆಯೇ ಜಗ್ಗುತ್ತಿರುವುದರಿಂದ ನಮ್ಮ ದಿನವು ಬಹು ಸೂಕ್ಷ್ಮವಾಗಿ ದೀರ್ಘವಾಗುತ್ತಲೇ ಇದೆ. ಒಂದೊಂದು ಗ್ರಹದ ತಿರುಗುವಿಕೆಯಲ್ಲಿ ಆ ಗ್ರಹದ ಪೂರ್ವಚರಿತ್ರೆಯೇ ಅಡಗಿದೆ. ಎರಡು ಉದಾಹರಣೆಗಳನ್ನು ನೋಡಿ ನಿಯಮವನ್ನು ಕಟ್ಟಬಾರದು, ಮೂರನೆಯದನ್ನು ಕೇಳಬೇಕು ಎಂಬುದು ಇದರಿಂದ ನಮ್ಮ ಹುಡುಗಿಯರು ಕಲಿಯತಕ್ಕ ಪಾಠ. ಈ ಪಾಠವು ಗ್ರಹಗಳಿಗೆ ಮಾತ್ರವಲ್ಲದೆ ನೆರೆಹೊರೆಯ ವಿಷಯದಲ್ಲಿಯೂ ಉಪಯೋಗಕ್ಕೆ ಬರುವುದು.

ಈಗ ಬುಧನ ಗಂಟನ್ನು ಬಿಡಿಸುವೆನು. ೧೮೮೯ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಎಂಬ ಪ್ರಸಿದ್ಧ ಖಗೋಳ ಶಾಸ್ತ್ರಜ್ಞರು ಬಹುಕಾಲ ಬುಧವನ್ನು ನೋಡಿ, ಅದು ಚಂದ್ರನು ನಮಗೆ ಒಂದೇ ಮುಖವನ್ನು ತೋರಿಸುವಂತೆ ಸೂರ್ಯನಿಗೆ ಸದಾ ಒಂದೇ ಮುಖವನ್ನು ತೋರಿಸುತ್ತದೆ, ಆದುದರಿಂದ ತಿರುಗುವ ಕಾಲವೂ ಸೂರ್ಯನನ್ನು ಸುತ್ತುವ ಕಾಲವೂ ಒಂದೇ, ಎಂದರೆ ೮೮ ದಿನಗಳು ಎಂದು ಸಾರಿದರು. ಅನುಕೂಲವಾದ ಸಮಯದಲ್ಲಿ ನೋಡಿದಾಗಲೆಲ್ಲ ಬುಧನ ಹೆಚ್ಚುಕಡಮೆ ಒಂದೇ ಮುಖ ಕಾಣುತ್ತಿದ್ದುದೇ ಆ ಭ್ರಾಂತಿಗೆ ಕಾರಣ. ಮುಕ್ಕಾಲು ಶತಮಾನ ಲೋಕವೆಲ್ಲ ಅದನ್ನೇ ನಂಬಿತು, ಪುಸ್ತಕಗಳಲ್ಲಿ ಅಚ್ಚಾಯಿತು, ನಾನೂ ಒಪ್ಪಿಸಿದೆನು. ೧೯೬೫ರಲ್ಲಿ ಪೆಟೆಂಗಿಲ್, ಡೈಸ್ ಎಂಬ ಇಬ್ಬರು ಪೋರ್ಟೊರಿಕೊ ದ್ವೀಪದ ಅರೆಸಿಬೊ ಎಂಬಲ್ಲಿದ್ದ ಮಹಾ ರೇಡಿಯೊ ದೂರದರ್ಶಕದಿಂದ ಬುಧಕ್ಕೆ ರೇಡಿಯೊ ಅಲೆಗಳನ್ನು ಕಳುಹಿಸಿ, ಮರುದನಿಯನ್ನು ಪರೀಕ್ಷಿಸಿದರು. ತಿರುಗುವ ಗೋಳದ ಒಂದು ಅಂಚು ನಮ್ಮ ಕಡೆಗೆ ಬರುತ್ತಿರುವುದು, ಇನ್ನೊಂದು ಅಂಚು ನಮ್ಮಿಂದ ದೂರ ಸರಿಯುತ್ತಿರುವುದು. ಸಿಳ್ಳು ಹಾಕುತ್ತ ಬರುವ ರೈಲಿನ ದನಿ ಏರಿ, ದಾಟಿಹೋದ ಮೇಲೆ ಇಳಿಯುವಂತೆ, ಎರಡು ಅಂಚುಗಳಿಂದ ಬರುವ ಮರುದನಿಗಳಲ್ಲಿಯೂ ವ್ಯತ್ಯಾಸವಿರುತ್ತದೆ. ಅದರಿಂದ ಲೆಕ್ಕಹಾಕಿದಾಗ ಬುಧವು ತಿರುಗುವುದು ೮೮ ದಿನಗಳಿಗಲ್ಲ, ಸುಮಾರು ೫೯ ದಿನಗಳಿಗೆಂದು ಗೊತ್ತಾಯಿತು. ಆ ದೂರದರ್ಶಕವು ೨೦೨೦ರಲ್ಲಿ ಕುಸಿದುಬಿದ್ದು ಇಲ್ಲವಾಯಿತು. ಅದು ತಿದ್ದಿದ ತಪ್ಪು ಮಾತ್ರ ತಿದ್ದಿಯೇ ಉಳಿದಿದೆ.

ಹಾಗಾದರೆ ನನ್ನ ವಿದ್ಯಾರ್ಥಿನಿಯ ೧೭೬ ಎಲ್ಲಿಂದ ಬಂದಿತು? ಶಾಲೆಯ ಧ್ವಜಸ್ತಂಭಕ್ಕೆ ಮುಖಮಾಡಿಕೊಂಡು, ಬೆನ್ನನ್ನು ತೋರಿಸದೆ, ಅದರ ಸುತ್ತ ಒಂದು ಸಲ ಬಂದು ನೋಡಿರಿ. ನೀವು ನಾಲ್ಕು ದಿಕ್ಕುಗಳಿಗೂ ಮುಖಮಾಡಿರುವಿರಿ, ಎಂದರೆ ಒಂದು ಸುತ್ತು ತಿರುಗಿರುವಿರಿ. ಆದರೆ ಧ್ವಜಸ್ತಂಭದ ದೃಷ್ಟಿಯಲ್ಲಿ ನೀವು ತಿರುಗಿಯೇ ಇಲ್ಲ. ಸೂರ್ಯನನ್ನು ಒಂದು ಸಲ ಬಳಸಿ ಬರುವುದರಲ್ಲಿ ಒಂದು ತಿರುಗುವಿಕೆ ಹೀಗೆ ಲೆಕ್ಕದಿಂದ ಕಳೆದುಹೋಗುತ್ತದೆ. ಬುಧವು ೧೭೬ ದಿನಗಳಲ್ಲಿ ಮೂರು ಸಲ ತಿರುಗುತ್ತದೆ. ಅಷ್ಟೇ ಕಾಲದಲ್ಲಿ ಸೂರ್ಯನನ್ನು ಎರಡು ಸಲ ಬಳಸುತ್ತದೆ. ಮೂರರಲ್ಲಿ ಎರಡು ಕಳೆದರೆ ಒಂದು. ಆ ಒಂದೇ ಅಲ್ಲಿಯ ಒಂದು ಹಗಲೂ ಒಂದು ರಾತ್ರಿಯೂ. ನಕ್ಷತ್ರಗಳನ್ನು ನೋಡಿ ಅಳೆದರೆ ೫೯, ಸೂರ್ಯೋದಯವನ್ನು ನೋಡಿ ಅಳೆದರೆ ೧೭೬. ನಾನು “ದಿನ” ಎಂದು ಕೇಳಿದ್ದೆನು. ದಿನವೆಂದರೆ ಸೂರ್ಯೋದಯದಿಂದ ಸೂರ್ಯೋದಯವೆಂದು ಆಕೆ ತಿಳಿದುದರಲ್ಲಿ ಏನು ತಪ್ಪು? ಪ್ರಶ್ನೆಯನ್ನು ಕೇಳಿದವಳಿಗಿಂತಲೂ ಉತ್ತರವನ್ನು ಬರೆದವಳೇ ಪ್ರಶ್ನೆಯನ್ನು ಚೆನ್ನಾಗಿ ಅರ್ಥಮಾಡಿಕೊಂಡಿದ್ದಳು.

ಈ ಲೆಕ್ಕವು ನಮ್ಮ ದೇಶಕ್ಕೆ ಹೊಸದೂ ಅಲ್ಲ. ೪೯೯ರ ಸುಮಾರಿನಲ್ಲಿ ಆರ್ಯಭಟನು ತನ್ನ ಗ್ರಂಥದಲ್ಲಿ, ೪೩,೨೦,೦೦೦ ವರ್ಷಗಳ ಯುಗವೊಂದರಲ್ಲಿ ಭೂಮಿಯು ೧೫೮,೨೨,೩೭,೫೦೦ ಸಲ ತಿರುಗುವುದೆಂದು ಹೇಳಿದನು. ಅದರಲ್ಲಿ ವರ್ಷಗಳ ಸಂಖ್ಯೆಯನ್ನು ಕಳೆದರೆ ಉಳಿಯುವ ೧೫೭,೭೯,೧೭,೫೦೦ ಆ ಯುಗದ ದಿನಗಳ ಸಂಖ್ಯೆ. ಅದೇ ಧ್ವಜಸ್ತಂಭದ ಲೆಕ್ಕ, ಅದೇ ವ್ಯವಕಲನ! ಈ ಅಂಕಿಗಳಿಂದ ಭೂಮಿಯ ಒಂದು ತಿರುಗುವಿಕೆಗೆ ೨೩ ಗಂಟೆ ೫೬ ನಿಮಿಷ ೪ ಸೆಕೆಂಡುಗಳೆಂದು ಬರುತ್ತದೆ. ಇಂದಿನ ಅಳತೆಯೂ ಅಷ್ಟೇ. ಉಳಿದ ನಾಲ್ಕು ನಿಮಿಷಗಳು ಸೂರ್ಯನನ್ನು ಮರಳಿ ಎದುರುಗೊಳ್ಳುವುದಕ್ಕೆ ಬೇಕಾದ ಕಾಲ. ಶುಕ್ರದಲ್ಲಿ ತಿರುಗುವಿಕೆ ವಿರುದ್ಧ ದಿಕ್ಕಿನಲ್ಲಿರುವುದರಿಂದ ಕಳೆಯುವ ಬದಲು ಕೂಡಿಸಬೇಕು. ಆದುದರಿಂದ ಒಂದು ತಿರುಗುವಿಕೆಗೆ ೨೪೩ ದಿನಗಳು ಹಿಡಿದರೂ ಅಲ್ಲಿ ಸೂರ್ಯೋದಯದಿಂದ ಸೂರ್ಯೋದಯಕ್ಕೆ ೧೧೭ ದಿನಗಳೇ. ಪಟ್ಟಿಯನ್ನು ಉರುಹಚ್ಚಿದವಳಿಗೆ ಇದು ಒಗಟು. ಧ್ವಜಸ್ತಂಭವನ್ನು ಸುತ್ತಿದವಳಿಗೆ ಸುಲಭವಾದ ಲೆಕ್ಕ.

ತಂದೆತಾಯಿಗಳಲ್ಲಿ ಕೆಲವರು ಇಲ್ಲಿ ಎರಡು ಆಕ್ಷೇಪಗಳನ್ನು ಹೇಳುವರೆಂದು ಬಲ್ಲೆನು. ಮೊದಲನೆಯದು: “ಇದೆಲ್ಲ ಚೆನ್ನಾಗಿದೆ, ಆದರೆ ಪರೀಕ್ಷೆಯಲ್ಲಿ ಕೇಳುವುದು ಅಂಕಿಯನ್ನೇ, ಅಂಕ ಬಾರದಿದ್ದರೆ ಮಗಳ ಮುಂದಿನ ವಿದ್ಯಾಭ್ಯಾಸದ ಗತಿಯೇನು?” ಇದು ಅಲ್ಲಗಳೆಯತಕ್ಕ ಮಾತಲ್ಲ. ಬಾಯಿಪಾಠವೇ ಕೂಡದೆಂದು ನಾನೂ ಹೇಳೆನು. ಮಗ್ಗಿ ಬಾರದವಳು ಉಂಡೆಯ ಲೆಕ್ಕವನ್ನು ಮಾಡಲಾರಳು. ಆದರೆ ಮಗ್ಗಿಯು ಮಾರ್ಪಡುವುದಿಲ್ಲ. ಗ್ರಹಗಳ ಪಟ್ಟಿ ಮಾರ್ಪಡುತ್ತದೆ. ೧೯೩೦ರಲ್ಲಿ ಪ್ಲೂಟೊ ಒಂಬತ್ತನೆಯ ಗ್ರಹವಾಗಿ ಪಟ್ಟಿಗೆ ಸೇರಿತು. ಅದು ಭೂಮಿಯಷ್ಟಿರಬಹುದೆಂದು ಆಗ ಎಣಿಸಿದ್ದರು. ೧೯೭೮ರಲ್ಲಿ ಅದರ ಉಪಗ್ರಹವನ್ನು ಕಂಡುಹಿಡಿದ ಮೇಲೆ ಅದರ ದ್ರವ್ಯ ಭೂಮಿಯದರ ಐನೂರರಲ್ಲೊಂದು ಪಾಲಿನಷ್ಟೇ ಎಂದು ತಿಳಿಯಿತು. ೨೦೦೬ರಲ್ಲಿ ಅಂತರರಾಷ್ಟ್ರೀಯ ಖಗೋಳ ಸಂಘವು ಅದನ್ನು ಗ್ರಹಗಳ ಪಂಕ್ತಿಯಿಂದ ತೆಗೆದು ಕುಬ್ಜಗ್ರಹವೆಂದು ಕರೆಯಿತು. ನಮ್ಮ ಕಡಲೆಕಾಳಿನ ಪಕ್ಕದಲ್ಲಿ ಅದು ಒಂದು ಸಾಸಿವೆಕಾಳು. “ಒಂಬತ್ತು” ಎಂದು ಮಾತ್ರ ಕಲಿತವಳ ವಿದ್ಯೆ ಅಂದಿಗೆ ಹಳತಾಯಿತು. ಹೋಲಿಸಿ ನೋಡಲು ಕಲಿತವಳಿಗೆ ಈ ಬದಲಾವಣೆಯ ಕಾರಣವೂ ತಿಳಿಯಿತು.

ಎರಡನೆಯ ಆಕ್ಷೇಪವನ್ನು ಈಚೀಚೆಗೆ ಬಾಯಿಬಿಟ್ಟು ಹೇಳುವವರು ಕಡಮೆಯಾದರೂ ಮನಸ್ಸಿನಲ್ಲಿಟ್ಟುಕೊಂಡಿರುವವರು ಇದ್ದಾರೆ: “ಹೆಣ್ಣುಮಕ್ಕಳಿಗೆ ಗ್ರಹಗಳ ಗೊಡವೆ ಏತಕ್ಕೆ?” ಇದಕ್ಕೆ ಇಬ್ಬರ ಸಂಗತಿಯನ್ನು ಹೇಳಿ ಮುಗಿಸುವೆನು. ೧೭೮೧ರಲ್ಲಿ ಯುರೇನಸ್ಸನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ತಂಗಿ ಕೆರೊಲಿನ್ ಹರ್ಷೆಲ್ಲಳನ್ನು ಆಕೆಯ ತಾಯಿ ಮನೆಗೆಲಸಕ್ಕೇ ಮೀಸಲಾಗಿಡಲು ಬಯಸಿದ್ದಳು. ಅಣ್ಣನ ಬಳಿಗೆ ಹೋಗಿ ಲೆಕ್ಕವನ್ನೂ ಆಕಾಶವನ್ನು ನೋಡುವುದನ್ನೂ ಕಲಿತ ಆಕೆ ೧೭೮೬ರಲ್ಲಿ ಧೂಮಕೇತುವೊಂದನ್ನು ತಾನೇ ಕಂಡುಹಿಡಿದಳು. ಮರುವರ್ಷ ಇಂಗ್ಲೆಂಡಿನ ದೊರೆಯು ಆಕೆಯ ಕೆಲಸಕ್ಕೆ ವರ್ಷಕ್ಕೆ ೫೦ ಪೌಂಡುಗಳ ಸಂಬಳವನ್ನು ಗೊತ್ತುಮಾಡಿದನು. ಇನ್ನೊಬ್ಬಳು ಆಕ್ಸ್‌ಫರ್ಡಿನ ಹನ್ನೊಂದು ವರ್ಷದ ಶಾಲಾಬಾಲಿಕೆ ವೆನೀಷಿಯಾ ಬರ್ನಿ. ೧೯೩೦ರ ಮಾರ್ಚಿಯಲ್ಲಿ ಬೆಳಗಿನ ಉಪಾಹಾರದ ಹೊತ್ತಿನಲ್ಲಿ ಅಜ್ಜನು ಹೊಸ ಗ್ರಹದ ಸುದ್ದಿಯನ್ನು ಪತ್ರಿಕೆಯಿಂದ ಓದಿ ಹೇಳಿದಾಗ, ಅದಕ್ಕೆ ಪ್ಲೂಟೊ ಎಂದು ಹೆಸರಿಡಬಹುದಲ್ಲ ಎಂದಳು. ಅಜ್ಜನು “ನಿನಗೇಕೆ ಇದೆಲ್ಲ?” ಎನ್ನಲಿಲ್ಲ, ಆ ಮಾತನ್ನು ತನ್ನ ಪರಿಚಯದ ಖಗೋಳ ಶಾಸ್ತ್ರಜ್ಞರಿಗೆ ಮುಟ್ಟಿಸಿದನು. ಅವರು ಅಮೆರಿಕಕ್ಕೆ ತಂತಿ ಕೊಟ್ಟರು. ಹೆಸರು ನಿಂತಿತು. ಆಕೆ ಮುಂದೆ ಉಪಾಧ್ಯಾಯಿನಿಯಾದಳು. ೨೦೧೫ರಲ್ಲಿ ಪ್ಲೂಟೊವಿನ ಬಳಿ ಸಾರಿ ಅದರ ವ್ಯಾಸ ೨,೩೭೭ ಕಿಲೋಮೀಟರೆಂದು ನಿಶ್ಚಯಿಸಿಕೊಟ್ಟ ನ್ಯೂ ಹೊರೈಜನ್ಸ್ ನೌಕೆಯಲ್ಲಿ ವಿದ್ಯಾರ್ಥಿಗಳೇ ಕಟ್ಟಿದ ಒಂದು ಉಪಕರಣವಿದೆ. ಅದಕ್ಕೆ ಆಕೆಯ ಹೆಸರನ್ನೇ ಇಟ್ಟಿದ್ದಾರೆ. ಆ ಅಜ್ಜನ ಸ್ಥಾನದಲ್ಲಿ ನಾನಿದ್ದರೆ ಏನು ಹೇಳುತ್ತಿದ್ದೆನೆಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. “ಪುಸ್ತಕದಲ್ಲಿ ಏನಿದೆಯೋ ನೋಡಿಕೋ” ಎನ್ನುತ್ತಿದ್ದೆನೇನೋ!

ಆದುದರಿಂದ ಮೂರು ಸಣ್ಣ ಸೂಚನೆಗಳನ್ನು ವಿನಯದಿಂದ ಮುಂದಿಡುವೆನು. ಮೊದಲನೆಯದಾಗಿ, ಪ್ರತಿವರ್ಷವೂ ಒಂದು ದಿನ ಬಾಲಿಕೆಯರು ಮನೆಯಿಂದ ಕಾಳು, ಬೀಜ, ಹಣ್ಣುಗಳನ್ನು ತಂದು, ಬಯಲಿನಲ್ಲಿಯೂ ಬೀದಿಯಲ್ಲಿಯೂ ಗ್ರಹಗಳನ್ನು ತಕ್ಕ ದೂರಗಳಲ್ಲಿಟ್ಟು ನಡೆದು ನೋಡಲಿ. ಇದಕ್ಕೆ ಖರ್ಚೇನೂ ಇಲ್ಲ. ಎರಡನೆಯದಾಗಿ, ನಮ್ಮ ಶಾಲೆಯೊಳಗಿನ ಪರೀಕ್ಷೆಗಳಲ್ಲಾದರೂ ಪಟ್ಟಿಯನ್ನು ಪ್ರಶ್ನಪತ್ರಿಕೆಯಲ್ಲಿಯೇ ಅಚ್ಚುಮಾಡಿ ಕೊಟ್ಟು, ಅದರಿಂದ ಏನನ್ನು ತಿಳಿಯಬಹುದೆಂದು ಕೇಳೋಣ. ಮೂರನೆಯದಾಗಿ, ಉಪಾಧ್ಯಾಯಿನಿಯು ತಪ್ಪಿದಾಗ ಆ ತಪ್ಪನ್ನು ತರಗತಿಯ ಮುಂದೆಯೇ ಒಪ್ಪಿಕೊಳ್ಳಲಿ. ಸ್ಕಿಯಾಪರೆಲ್ಲಿಯವರಂಥವರ ಅಂಕಿಯೇ ತಿದ್ದುಪಡಿಯಾದ ಮೇಲೆ ನಮ್ಮದು ತಿದ್ದುಪಡಿಯಾಗುವುದರಲ್ಲಿ ಅವಮಾನವೇನು? ತಂದೆತಾಯಿಗಳು ಮನೆಯಲ್ಲಿ ಮಾಡಬಹುದಾದುದೂ ಒಂದಿದೆ. ಮಗಳು ಅಂಕಪಟ್ಟಿಯನ್ನು ತಂದ ದಿನ “ಎಷ್ಟು ಬಂದಿತು?” ಎಂದು ಕೇಳುವುದರ ಜೊತೆಗೆ, “ಈ ಸಲ ನೀನು ಏನನ್ನು ಕೇಳಿದೆ?” ಎಂದೂ ಕೇಳಿರಿ. ಬಿಡುವಾದಾಗ ಒಂದು ಸಂಜೆ ಮಹಡಿಯ ಮೇಲೆ ಕರೆದುಕೊಂಡು ಹೋಗಿ ಗುರುವನ್ನು ತೋರಿಸಿರಿ. ಬೆಂಗಳೂರಿಗೆ ಹೋದಾಗ ಅಲ್ಲಿಯ ತಾರಾಲಯವನ್ನು ನೋಡಿಕೊಂಡು ಬನ್ನಿರಿ.

ಕಡೆಯದಾಗಿ ಒಂದು ಮಾತು ಉಳಿಯಿತು. ಈ ಸಂಚಿಕೆಯ ಓದುಗರಲ್ಲಿ ಆ ಒಂಬತ್ತನೆಯ ತರಗತಿಯ ಬಾಲಿಕೆಯೂ ಇರಬಹುದು. ಈಗ ಆಕೆಗೂ ಶಾಲೆಗೆ ಹೋಗುವ ಮಕ್ಕಳಿರಬಹುದು. ಹೆಸರನ್ನು ಬರೆದು ಆಕೆಯನ್ನು ಸಂಕೋಚಕ್ಕೆ ಈಡುಮಾಡಲಾರೆನು; ಓದಿದರೆ ಆಕೆಗೇ ತಿಳಿಯುವುದು. ಅಮ್ಮಾ, ನಿನ್ನ ಉತ್ತರ ಸರಿಯಾಗಿತ್ತು. ನೀನು ಕೇಳಿದುದೂ ಸರಿಯಾಗಿತ್ತು. ಆ ಒಂದು ಅಂಕವನ್ನು ಈಗ ಕೊಡುತ್ತಿದ್ದೇನೆ. ಬಹಳ ತಡವಾಯಿತು, ಮನ್ನಿಸು.